ಬಾಣಂತಿ ಕೋಣೆಯಿಂದ ಪೆದ್ರುವನ್ನು ಹೊರಗೆ ಹಾಕಿದ್ದು

ಮಕ್ಕಳೇ, ಬಾಣಂತನದ ವಿಷಯದಲ್ಲಿ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾದ ಅಗತ್ಯ ಇರಲಿಲ್ಲ. ಹಾಗಂತ ನಾನೇ ತಿಳಿದುಕೊಂಡಿದ್ದೆ.

ಬೀಡಿ ಎಂಬ ಊರಿನ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಬಾರದವಳು. ಅಂಗಡಿಗೆ ಹೋದರೆ ಬೇಕಾದ ಸಾಮಾನನ್ನು ಬೆರಳಿನಿಂದ ತೋರಿಸಿ ತರುತ್ತಿದ್ದೆ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ ಕಂಡಕ್ಟರನಿಗೆ ಹೇಳಲು ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದುಬಂದವಳು. ಆದರೆ ಬಾಣಂತಿ ಕೋಣೆಯ ಹೊಸ್ತಿಲು ದಾಟಿದೆನೆಂದರೆ ನಾನೇ ಬೇರೆ! ಅಲ್ಲಿ ನನ್ನ ಮಾತೇ ಕಾಯಿದೆ. ಆ ಕಾಯಿದೆಯ ಮೊದಲನೆಯ ಕಲಮು ಏನೆಂದರೆ, ಗಂಡಸು ಒಳಗೆ ಬರಕೂಡದು. ಕೂಸಿನ ಅಪ್ಪನಾದರೂ ಅಷ್ಟೇ, ಅಪ್ಪನ ಅಪ್ಪನಾದರೂ ಅಷ್ಟೇ. ಬಾಗಿಲಲ್ಲಿ ಇಣುಕಿದರೆ ಸಾಕು, ನಾನು ಮಾತಾಡುತ್ತಿರಲಿಲ್ಲ, ಬರೀ ನೋಡುತ್ತಿದ್ದೆ. ಅವರು ಹೋಗಿಬಿಡುತ್ತಿದ್ದರು.

ನಿಮ್ಮಜ್ಜ ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಕಾವಲುಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ನಾನೂ ನಿಮ್ಮವ್ವ ಗಿರಿಜಾಳೂ ಬೆಳಗಾವಿಗೆ ಬಂದು ಒಂದು ಖೋಲಿ ಹಿಡಿದೆವು. ಅವಳು ಕಾಲೇಜಿಗೆ ಹೋಗುವಳು. ನಾನು ಮನೆ ಮನೆಗೆ ಹೋಗಿ ಬಾಣಂತಿಯರಿಗೂ ಕೂಸುಗಳಿಗೂ ಎರೆದು, ಕಾಸಿ, ಬೆಚ್ಚಗೆ ಮಲಗಿಸಿ ಬರುವಳು. ಹೊಸ ಶತಮಾನ ಬಂತೆಂದು ಜನ ಪಟಾಕಿ ಹೊಡೆದರಲ್ಲ, ಅದೇ ವರ್ಷವೋ ಮರುವರ್ಷವೋ, ದೀಪಾವಳಿ ಮುಗಿದು ಚಳಿ ಹತ್ತುವ ಹೊತ್ತಿಗೆ ಮಿಲಿಟರಿಯವರಿರುವ ಕ್ಯಾಂಪಿನ ಒಂದು ಹಳೆಯ ಬಂಗಲೆಯಿಂದ ನನಗೆ ಕರೆ ಬಂತು.

ಆ ಬಂಗಲೆಯಲ್ಲಿದ್ದವರು ಹಡಗಿನಲ್ಲಿ ಎಂಜಿನ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಸಾಹೇಬರು. ಎಪ್ಪತ್ತು ದಾಟಿತ್ತು. ಹೆಂಡತಿ ಇರಲಿಲ್ಲ. ಎಲ್ಲರೂ ಅವರನ್ನು ಹಡಗಿನ ಸಾಹೇಬರು ಎನ್ನುತ್ತಿದ್ದರು. ಈ ಮನೆಯಲ್ಲಿ ಬಸುರಿ ಯಾರು ಎಂದು ನಾನು ಕಣ್ಣಲ್ಲೇ ಹುಡುಕುತ್ತಿರುವಾಗ ಅವರು ನನ್ನನ್ನು ಹಿಂದಿನ ಪಡಸಾಲೆಗೆ ಕರೆದೊಯ್ದರು. ಪಡಸಾಲೆಗೆ ಪೂರಾ ತಂತಿಯ ಜಾಳಿಗೆ ಹೊಡೆದು, ಒಳಗೆ ಗಿಡದ ಟೊಂಗೆಗಳನ್ನು ನಿಲ್ಲಿಸಿದ್ದರು. ಟೊಂಗೆಯ ಮೇಲೆ ಎರಡು ಅಳಿಲಿನಂಥ ಜೀವಗಳು. ಆದರೆ ಮುಖ ಮನುಷ್ಯರದು! ಎರಡೂ ಕಿವಿಗೆ ಬಿಳಿ ಅರಳೆ ಅಂಟಿಸಿಕೊಂಡಂಥ ಕೂದಲು, ಬಾಲಕ್ಕೆ ಪಟ್ಟೆ ಪಟ್ಟೆ. ನನ್ನ ಅಂಗೈಯಲ್ಲಿ ಒಂದು ಕೂತರೆ ಇನ್ನೂ ಜಾಗ ಉಳಿಯಬೇಕು, ಅಷ್ಟು ಸಣ್ಣವು.

"ಮಂಗ್ಯಾನ ಜಾತೀನ ಬಾಯಿ ಇವು," ಎಂದರು ಸಾಹೇಬರು. ಹೆಂಗಸರನ್ನೆಲ್ಲ ಅವರು ಬಾಯಿ ಎಂದೇ ಕರೆಯುತ್ತಿದ್ದರು. "ಭಾಳ ದೂರದ ಮಳಿಕಾಡಿನ್ಯಾವು. ಹುಟ್ಟಿದಾಗಿಂದ ಸಾಯೂತನಾ ಗಿಡದ ಮ್ಯಾಲ. ಇವ ಪೆದ್ರು, ಆಕಿ ರೋಜಿ. ರೋಜಿಗಿ ದಿನ ತುಂಬ್ಯಾವ. ನಾ ಮಿರಜಕ್ಕ ಕಣ್ಣಿನ ಆಪರೇಶನ್ನಿಗೆ ಹೊಂಟೇನಿ. ಹತ್ತ ದಿನ ನೀವ ನೋಡಬೇಕು. ಸಣ್ಣ ಕೂಸು ಹಿಡದ ರೂಢಿ ಇರೋ ಕೈ ಬೇಕಾಗೇತಿ ನನಗ."

ನಾನು ತಲೆಯಾಡಿಸಿದೆ. ಎಷ್ಟೋ ಮನೆಗಳ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದ ನನಗೆ ಅಂಗೈಯಷ್ಟು ಮಂಗ್ಯಾನ ಬಾಣಂತನ ಒಂದು ಲೆಕ್ಕವೇ! ಎಂದುಕೊಂಡೆ.

ಸಾಹೇಬರು ಹೇಳುತ್ತ ಹೋದರು, ನಾನು ಗಿರಿಜಾಳ ಹಳೆಯ ನೋಟಬುಕ್ಕಿನಲ್ಲಿ ಅಂಕಿ ಹಾಕಿ ಬರೆದುಕೊಳ್ಳುತ್ತ ಹೋದೆ. ಒಂದು, ಥಂಡಿ ತಾಗಬಾರದು. ಎರಡು, ಇವು ಗಿಡದ ತೊಗಟೆಗೆ ಹಲ್ಲಿನಿಂದ ತೂತು ಕೊರೆದು ಒಳಗಿನ ಅಂಟು ನೆಕ್ಕುವ ಜಾತಿ, ಆದ್ದರಿಂದ ದಿನಾ ಮುಂಜಾನೆ ಟೊಂಗೆಯ ತೂತುಗಳಿಗೆ ನೆನೆಸಿದ ಅಂಟು ತುಂಬಬೇಕು. ಮೂರು, ಹಣ್ಣು ಮತ್ತು ಮಿಡತೆ ಕೊಡಬೇಕು. ನಾಲ್ಕು, ಹಲ್ಲು ತೋರಿಸಿ ನಗಬಾರದು. ಐದು, ಕೂದಲು ನಿಗುರಿಸಿ, ಬಾಲ ಎತ್ತಿ, ಕುಂಡಿ ತೋರಿಸಿದರೆ ಸಿಟ್ಟು ಬಂದಿದೆ ಎಂದು ತಿಳಿದು ಹಿಂದೆ ಸರಿಯಬೇಕು.

"ಆರನೇದ್ದು, ಪೆದ್ರೂನ ವಿಚಾರ," ಎಂದು ಸಾಹೇಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇದು ಮುಖ್ಯ. ಹೆಣ್ಣಿಗಿ ಹೆರಿಗಿ ಆದಮ್ಯಾಲ ಈ ಗಂಡು ಐತೆಲ್ಲ..."

ಮಕ್ಕಳೇ, ಪರ ಗಂಡಸರು ಎದುರಿಗೆ ಕೂತು ಹೆಣ್ಣು, ಗಂಡು, ಹೆರಿಗೆ ಎಂದು ಶುರು ಮಾಡಿದರೆ ನಾನು ಯಾವ ಕಡೆ ನೋಡಬೇಕು? ನನ್ನ ಕಿವಿ ಬಿಸಿಯಾಯಿತು. ಸೆರಗು ಮುಂದಕ್ಕೆ ಎಳೆದುಕೊಂಡು, ನೆಲ ನೋಡುತ್ತ, "ಗೊತ್ತೈತ್ರಿ ಸಾಹೇಬ್ರ, ಗೊತ್ತೈತಿ," ಎಂದುಬಿಟ್ಟೆ.

"ಗೊತ್ತೈತಿ? ಖರೇ?"

"ಎಲ್ಲಾ ಗೊತ್ತೈತ್ರಿ."

ಸಾಹೇಬರು ಬಹಳ ಆಶ್ಚರ್ಯಪಟ್ಟರು. ಆಮೇಲೆ ಬಹಳ ಸಂತೋಷಪಟ್ಟರು. ನೋಟಬುಕ್ಕಿನಲ್ಲಿ ಆರು ಎಂಬ ಅಂಕಿಯ ಮುಂದಿನ ಜಾಗ ಖಾಲಿಯೇ ಉಳಿಯಿತು.

ಸೋಮವಾರ ಅವರು ಮಿರಜಕ್ಕೆ ಹೋದರು. ನಾನೂ ಗಿರಿಜಾಳೂ ಬಂಗಲೆಗೆ ವಸ್ತಿಗೆ ಬಂದೆವು. ಮೊದಲ ಮೂರು ದಿನ ನನ್ನ ಮರ್ಯಾದೆ ಹೋದದ್ದು ಮಿಡತೆಯಿಂದ ಮಾತ್ರ. ಇರುವೆ ತುಳಿದರೂ ಶಿವಾ ಎನ್ನುವ ಮನೆತನ ನಮ್ಮದು, ಕೊರಳಲ್ಲಿ ಲಿಂಗ. ಅಂಥವಳು ಕ್ಯಾಂಪಿನ ಮೈದಾನದ ಹುಲ್ಲಿನಲ್ಲಿ ಸೆರಗು ಬಲೆ ಮಾಡಿಕೊಂಡು ಮಿಡತೆಯ ಹಿಂದೆ ಜಿಗಿಯುವುದು! ಕವಾಯತು ಮುಗಿಸಿ ಬರುವ ಜವಾನರು ಸೈಕಲ್ಲು ನಿಲ್ಲಿಸಿ ನೋಡಿದರು. ಹಿಡಿದ ಮಿಡತೆಗಳನ್ನು ಜಾಳಿಗೆಯೊಳಗೆ ಬಿಟ್ಟು, ಮುಖ ಅತ್ತ ತಿರುಗಿಸಿ, ಮುಂದೆ ಆಗುವುದಕ್ಕೂ ನನಗೂ ಸಂಬಂಧವಿಲ್ಲ ಎಂಬಂತೆ ನಿಲ್ಲುತ್ತಿದ್ದೆ. ಕರಕರ ಸಪ್ಪಳ ಮಾತ್ರ ಕೇಳಿಸುತ್ತಿತ್ತು.

ಅಂಟಿನ ವಿಷಯ ಮಾತ್ರ ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಬಾಣಂತಿಗೆ ಅಂಟಿನ ಉಂಡಿ ಕೊಡದೆ ಇರುತ್ತಾರೆಯೇ? ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಕಟ್ಟಿದರೆ ಸೊಂಟಕ್ಕೆ ಕಬ್ಬಿಣ ಹಾಕಿದಂತೆ. ಅಂಟು ತಿನ್ನುವ ಮಂಗ್ಯಾ ಅಂದರೆ ಇದು ನಮ್ಮದೇ ಜಿಲ್ಲೆಯದು ಎನ್ನಿಸಿತು! ಖಾನಾಪುರದಲ್ಲಿದ್ದ ನಿಮ್ಮಜ್ಜನ ಅಕ್ಕ ಗೌರವ್ವನಿಗೆ ಸೋಮವಾರವೇ ಒಂದು ಕಾರ್ಡು ಬರೆದು ಹಾಕಿದ್ದೆ. ನನಗೆ ಬಾಣಂತನ ಕಲಿಸಿದವಳೇ ಅವಳು. "ಕ್ಯಾಂಪಿನ ದೊಡ್ಡ ಬಂಗಲೆಯಲ್ಲಿ ಬಾಣಂತನ ಹಿಡಿದಿರುತ್ತೇನೆ. ಅಂಟಿನ ಉಂಡಿ ಕಟ್ಟಿಕೊಂಡು ಬರಬೇಕು." ಬಾಣಂತಿ ಯಾರೆಂದು ಬರೆಯಲು ನಾಚಿಕೆಯಾಯಿತು. ಬರೆಯಲಿಲ್ಲ.

ಗುರುವಾರ ಬೆಳಿಗ್ಗೆ ಅಂಟಿನ ಬಟ್ಟಲು ಹಿಡಿದು ಜಾಳಿಗೆಯ ಬಾಗಿಲು ತೆಗೆದೆ. ರೋಜಿ ಟೊಂಗೆಯ ಮೇಲೆ ಸೋತು ಮಲಗಿದ್ದಳು. ಹೊಟ್ಟೆ ಇಳಿದಿತ್ತು. ಮರಿ ಎಲ್ಲಿ? ನೆಲ ನೋಡಿದೆ, ಗೂಡಿನ ಪೆಟ್ಟಿಗೆ ನೋಡಿದೆ. ಕೊನೆಗೆ ಮೇಲೆ ನೋಡಿದೆ. ಮೂಲೆಯ ಎತ್ತರದ ಟೊಂಗೆಯಲ್ಲಿ ಪೆದ್ರು ಕೂತಿದ್ದ. ಅವನ ಬೆನ್ನಿಗೆ ಹೆಬ್ಬೆರಳಿನಷ್ಟು ಎರಡು ಮರಿಗಳು ಅಂಟಿಕೊಂಡಿದ್ದವು. ಅವನು ಒಂದನ್ನು ಮುಂದಕ್ಕೆ ಎಳೆದುಕೊಂಡು ಬಾಯಿ ಹಚ್ಚುತ್ತಿದ್ದ.

ನನ್ನ ಕೈಯೊಳಗಿನ ಬಟ್ಟಲು ಬಿತ್ತು.

ನಿಮಗೆ ನಗು ಬರಬಹುದು. ಆದರೆ ನಾನು ಖಾನಾಪುರದ ಡಿಪೋದಲ್ಲಿ ಹೊಸದಾಗಿ ಸಂಸಾರ ಹೂಡಿದ್ದಾಗ ಕರಿಮುಖದ ಮುಸುವಗಳ ಒಂದು ಹಿಂಡು ಬರುತ್ತಿತ್ತು. ಒಂದು ದಿನ ಹೊರಗಿನಿಂದ ಹೊಸ ಗಡವ, ಅಂದರೆ ದೊಡ್ಡ ಗಂಡು ಮುಸುವ, ಬಂದು ಹಳೆಯದನ್ನು ಓಡಿಸಿತು. ಮರುದಿನದಿಂದ ಅದು ಹಿಂಡಿನ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ಒಂದು ತಾಯಿ ಸತ್ತ ಮರಿಯನ್ನು ಎದೆಗೆ ಅವುಚಿಕೊಂಡು ನಮ್ಮ ಬಾಗಿಲ ಮುಂದಿನ ದಿಮ್ಮಿಯ ಮೇಲೆ ಮೂರು ದಿನ ಕೂತಿತ್ತು. ನಾನಾಗ ಬಸುರಿ. ಆ ತಾಯಿಯ ಕಣ್ಣು ನಾನು ಇವತ್ತಿಗೂ ಮರೆತಿಲ್ಲ. ಗಂಡು ಮಂಗ್ಯಾನ ಕೈಗೆ ಮರಿ ಸಿಕ್ಕರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡವಳು.

"ಗಿರಿಜಾ!" ಎಂದು ಕೂಗಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಅವಳು ಆಗಲೇ ಕಾಲೇಜಿಗೆ ಹೋಗಿದ್ದಳು.

ಸೆರಗು ಬಿಚ್ಚಿ ಪೆದ್ರುವಿನ ಮೇಲೆ ಬೀಸಿದೆ. ಅವನು ನನ್ನ ಹೆಬ್ಬೆರಳು ಕಚ್ಚಿದ. ನಾನು ಬಿಡಲಿಲ್ಲ. ಮರಿಗಳನ್ನು ಅವನ ಬೆನ್ನಿನಿಂದ ಬಿಡಿಸುವುದೆಂದರೆ ಉಣ್ಣೆ ಬಟ್ಟೆಗೆ ಹತ್ತಿದ ಮುಳ್ಳು ಬಿಡಿಸಿದಂತೆ, ಒಂದೊಂದು ಉಗುರೂ ಒಂದೊಂದು ಕೊಕ್ಕೆ. ಹೇಗೋ ಬಿಡಿಸಿ ರೋಜಿಯ ಎದೆಗೆ ಹಚ್ಚಿ, ಪೆದ್ರುವನ್ನು ಸೆರಗಿನಲ್ಲೇ ಸುತ್ತಿ ಒಯ್ದು ಬಚ್ಚಲಮನೆಯಲ್ಲಿ ಕೂಡಿಹಾಕಿ ಚಿಲಕ ಜಡಿದೆ. ಅವನು ಒಳಗಿನಿಂದ ಹಕ್ಕಿಯ ಹಾಗೆ ಉದ್ದಕ್ಕೆ ಸೀಟಿ ಹಾಕತೊಡಗಿದ. ಸೂಜಿಯಂಥ ಸೀಟಿ. ಹಾಕಲಿ! ಕಲಮು ಒಂದು, ಗಂಡಸು ಒಳಗೆ ಬರಕೂಡದು.

ಆಮೇಲೆ ನಾನು ವಿಧಿಪೂರ್ವಕವಾಗಿ ಬಾಣಂತನ ಆರಂಭಿಸಿದೆ. ಜಾಳಿಗೆಗೆಲ್ಲ ಕಂಬಳಿ ಕಟ್ಟಿ ಗಾಳಿ ನಿಲ್ಲಿಸಿದೆ. ಶೆಗಡಿಯಲ್ಲಿ ಕೆಂಡ ಹಾಕಿ ಅಜವಾನದ ಹೊಗೆ ಕೊಟ್ಟೆ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದಲ್ಲ, ನನ್ನ ಹಳೆಯ ಕುಪ್ಪಸದ ತೋಳಿನಿಂದ ಒಂದು ಪಟ್ಟಿ ಹರಿದು ರೋಜಿಯ ತಲೆಗೆ ಕಟ್ಟಲು ಹೋದೆ. ರೋಜಿ ಕೂದಲು ನಿಗುರಿಸಿ, ಬಾಲ ಎತ್ತಿ, ಐದನೆಯ ನಂಬರಿನಲ್ಲಿ ಹೇಳಿದ್ದನ್ನು ತೋರಿಸಿದಳು. ಹಿಂದೆ ಸರಿದೆ. ಎಷ್ಟೋ ಬಾಣಂತಿಯರು ನನ್ನ ಮೇಲೆ ಸಿಟ್ಟಾದದ್ದುಂಟು. ಆದರೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಒಂದು ತಾಸು ಎಲ್ಲ ಸುಸೂತ್ರವಾಗಿತ್ತು. ಮರಿಗಳು ಹಾಲು ಕುಡಿದವು. ಆಮೇಲೆ ರೋಜಿ ಚಡಪಡಿಸತೊಡಗಿದಳು. ಮರಿಗಳನ್ನು ಹೊತ್ತುಕೊಂಡು ಆಚೀಚೆ ನೋಡಿದಳು. ಬಚ್ಚಲಮನೆಯ ಕಡೆ ಮುಖ ಮಾಡಿ ಸೀಟಿ ಹಾಕಿದಳು. ಯಾರೂ ಬರಲಿಲ್ಲ. ಆಗ ಅವಳು ಬೆನ್ನನ್ನು ಟೊಂಗೆಗೆ ಗಸಗಸ ತಿಕ್ಕಿದಳು. ಒಂದು ಮರಿ ಕಳಚಿ ಕೆಳಗಿನ ಗೋಣಿತಟ್ಟಿನ ಮೇಲೆ ಬಿತ್ತು. ಅದನ್ನೆತ್ತಿ ಮತ್ತೆ ಹಚ್ಚಿದೆ. ಈ ಸಲ ಅವಳು ಅದರ ಕೈಯನ್ನು ಬಾಯಿಂದ ಕಚ್ಚಿ ತನ್ನ ಕೂದಲಿನಿಂದ ಬಿಡಿಸಿದಳು. ಎರಡನೆಯದನ್ನೂ ಕೆಡವಿದಳು.

ತಾಯಿಯೇ ಕೂಸನ್ನು ಒಲ್ಲೆ ಎನ್ನುವುದೆಂದರೆ! ಮರಿಗಳನ್ನು ಅರಳೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಶೆಗಡಿಯ ಹತ್ತಿರ ತಂದೆ. ಏನಾಗಿದೆ ಇವಳಿಗೆ? ದೃಷ್ಟಿ! ಆ ಸೈಕಲ್ ಜವಾನರದ್ದೇ ದೃಷ್ಟಿ! ಕೂಡಲೇ ಅಡುಗೆಮನೆಯಿಂದ ಉಪ್ಪು, ಬ್ಯಾಡಗಿ ಮೆಣಸಿನಕಾಯಿ ತಂದು ರೋಜಿಗೆ ನಿವಾಳಿಸಿ ಶೆಗಡಿಗೆ ಹಾಕಿದೆ.

ಸುತ್ತಲೂ ಗಾಳಿಯಾಡದಂತೆ ಕಂಬಳಿ ಕಟ್ಟಿದವಳು ನಾನೇ ಎಂಬುದು ಆಗ ನೆನಪಿಗೆ ಬಂತು.

ಆ ಘಾಟು! ರೋಜಿ ಸೀನಿದಳು, ನಾನು ಸೀನಿದೆ, ಬುಟ್ಟಿಯೊಳಗಿನ ಹೆಬ್ಬೆರಳುಗಳೂ ಸೀನಿದವು. ಕಂಬಳಿ ಕಿತ್ತೆಸೆದು, ಹಿತ್ತಲ ಬಾಗಿಲು ಪೂರಾ ತೆರೆದು, ಬುಟ್ಟಿಯನ್ನು ಗಾಳಿಗಿಟ್ಟೆ. ಕಣ್ಣು ಉರಿದು ಏನೂ ಕಾಣುತ್ತಿರಲಿಲ್ಲ. ಕಣ್ಣಿಗೆ ನೀರು ಹಾಕಿಕೊಳ್ಳೋಣವೆಂದು ತಡವರಿಸುತ್ತ ಹೋಗಿ ಚಿಲಕ ತೆಗೆದೆ.

ಬಚ್ಚಲಮನೆಯ ಚಿಲಕ!

ಕಂದು ಬಣ್ಣದ ಏನೋ ಒಂದು ನನ್ನ ಭುಜದ ಮೇಲಿನಿಂದ ಹಾರಿತು. ಅಲ್ಲಿಂದ ಗೋಡೆ, ಗೋಡೆಯಿಂದ ಬಾಗಿಲು, ಬಾಗಿಲಿನಿಂದ ಹಿತ್ತಲು. ಉರಿಗಣ್ಣಿನಲ್ಲೇ ಹೊರಗೆ ಓಡಿದೆ. ಪೆದ್ರು ಬಾವಿಯ ಪಕ್ಕದ ನುಗ್ಗೆಗಿಡದ ತುದಿಯಲ್ಲಿದ್ದ. ಅಲ್ಲಿಂದಾಚೆಗೆ ಗೋಡೆ, ಗೋಡೆಯಾಚೆ ಕ್ಯಾಂಪು, ಕ್ಯಾಂಪಿನಾಚೆ ಇಡೀ ಭೂಮಂಡಲ.

ಇದೇ ಮುಹೂರ್ತಕ್ಕೆ ಮುಂದಿನ ಬಾಗಿಲು ಬಡಿದ ಸಪ್ಪಳವಾಯಿತು, ಓಡಿ ತೆಗೆದರೆ ಗೌರವ್ವ ನಿಂತಿದ್ದಳು. ತಲೆಯ ಮೇಲೆ ಉಂಡಿಯ ಡಬ್ಬಿ, ಬಗಲಲ್ಲಿ ಕೌದಿ.

"ನೀಲವ್ವಾ, ಯಾಕ ಹಿಂಗ ಅಳಾಕತ್ತಿ? ಬಾಣಂತಿ ಆರಾಮ ಅದಾಳಿಲ್ಲೋ? ಎಲ್ಲಿ ಆಕಿ?"

ನಾನು ಬೆರಳು ತೋರಿಸಿದೆ. ಗೌರವ್ವ ಪಡಸಾಲೆಗೆ ಹೋದಳು. ಆಮೇಲೆ ಡಬ್ಬಿಯನ್ನು ನೆಲಕ್ಕಿಡುವ ಸಪ್ಪಳ.

"ಯವ್ವಾ ನನ ಶಿವನ! ನೀಲೀ, ಈಕಿಗೇನ ಕಟ್ಟಿಸಿದಿ ಉಂಡಿ? ಅರವತ್ತ ದಾಟಿದ ಮುದುಕಿ, ಬಸ್ಸಿನ್ಯಾಗ ಖಾನಾಪುರದಿಂದ ನಿಂತು ಬಂದೇನಿ! ತುಪ್ಪದಾಗ ಹುರದೇನಿ!"

"ಯಕ್ಕಾ, ಬೈಯೂದು ಆಮ್ಯಾಲ ಬೈಯಿ. ಕೂಸು ಒಲ್ಲೆ ಅನ್ನಾಕತ್ತಾಳು. ಅವ ಓಡಿ ಹೋದ."

"ಯಾರ ಅವ?"

"ಗಂಡ."

ಗೌರವ್ವ ಬುಟ್ಟಿಯಲ್ಲಿ ಕಣ್ಣಿಟ್ಟಳು. ಅವಳ ಮುಖದ ಸಿಟ್ಟು ಇಳಿದುಹೋಯಿತು. "ಅಯ್ಯ, ಇಷ್ಟಿಷ್ಟ ಅದಾವಲ್ಲ," ಎಂದಳು. "ಒಂದು ಸುಮ್ನಾಗೇತಲ್ಲ ನೀಲಿ. ಇದು ಚಿರಗುಡವಲ್ದು."

ನೋಡಿದೆ. ನಿಜ. ಒಂದು ಮರಿ ಚಿಂವ್ ಚಿಂವ್ ಎನ್ನುತ್ತಿತ್ತು. ಇನ್ನೊಂದು ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಇರಲಿಲ್ಲ. ಎರಡನ್ನೂ ಎತ್ತಿ ಕುಪ್ಪಸದೊಳಗೆ ಎದೆಗೆ ಇಟ್ಟುಕೊಂಡೆ. ಅವುಗಳ ಎದೆ ಎಷ್ಟು ಬೇಗ ಬೇಗ ಬಡಿಯುತ್ತಿತ್ತೆಂದರೆ ಬಡಿತವೆಂದೇ ಅನ್ನಿಸುತ್ತಿರಲಿಲ್ಲ, ನಡುಕವೆನ್ನಿಸುತ್ತಿತ್ತು. ಇಷ್ಟು ವರ್ಷ ಎಷ್ಟು ಕೂಸುಗಳು ನನ್ನ ಕೈಯಲ್ಲಿ ಹಾದುಹೋದವು, ಒಂದೂ ನನ್ನ ಕೈಯಲ್ಲಿ ತಣ್ಣಗಾಗಿರಲಿಲ್ಲ. ಮಕ್ಕಳೇ, ಆ ಹೊತ್ತಿನ ಹೆದರಿಕೆಯನ್ನು ಬರೆಯುವಾಗ ಈಗಲೂ ನನ್ನ ಅಕ್ಷರ ಓರೆಯಾಗುತ್ತಿದೆ, ನೋಡಿ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನನಗೆ ಫೋನೆಂದರೆ ಮೊದಲೇ ಭಯ. ಗೌರವ್ವ ಎತ್ತಿ ನನ್ನ ಕಿವಿಗೆ ಹಿಡಿದಳು.

"ಹಲೋ, ಬಾಯಿ! ನಾ ಮಿರಜದಿಂದ. ಕಣ್ಣಿಗಿ ಪಟ್ಟಿ ಕಟ್ಟ್ಯಾರ. ರೋಜಿ ಹೆಂಗ ಅದಾಳ?"

"ಹಡದಾಳ್ರಿ. ಎರಡು."

"ಶಾಬಾಸ್! ಮತ್ತ ಪೆದ್ರು?"

"ಮ್ಯಾಲ ಅದಾನ್ರಿ."

"ಅವನ ಕೈಯಾಗ ಬಿಟ್ಟಬಿಡ್ರಿ ಬಾಯಿ, ನೀವ ಆರಾಮ ಕುಂದರ್ರಿ! ನಿಮಗ ಎಲ್ಲಾ ಗೊತ್ತೈತಿ, ನನಗ ಚಿಂತಿ ಇಲ್ಲ!"

ಫೋನು ಇಟ್ಟರು. ಅವನ ಕೈಯಲ್ಲಿ ಏನು ಬಿಡುವುದು? ಆ ಆರನೆಯ ನಂಬರು ಕಣ್ಣ ಮುಂದೆ ಬಂತು.

ಪುಣ್ಯಕ್ಕೆ ಅಂದು ಕಾಲೇಜು ಬೇಗ ಬಿಟ್ಟಿತ್ತು. ಗಿರಿಜಾ ಬಂದವಳೇ ಮೂಗು ಮುಚ್ಚಿಕೊಂಡಳು. "ಯಾಕ ಬೇ, ಮಂಗ್ಯಾಗ ಒಗ್ಗರಣಿ ಹಾಕೀರೇನ?"

ನಾನು ಅಳುತ್ತ ಎಲ್ಲ ಹೇಳಿದೆ. ಅವಳು ಸಾಹೇಬರ ಕಪಾಟಿನಿಂದ ಒಂದು ದಪ್ಪ ಇಂಗ್ಲೀಷು ಪುಸ್ತಕ ಎಳೆದಳು. ಅದರಲ್ಲಿ ರೋಜಿಯಂಥ ಮಂಗ್ಯಾನ ಚಿತ್ರವಿತ್ತು. ನಿಂತಲ್ಲೇ ಓದಿದಳು. ಓದುತ್ತ ಓದುತ್ತ ಅವಳ ಬಾಯಿ ತೆರೆದುಕೊಂಡಿತು.

"ಅವ್ವಾ, ಏನ್ ಮಾಡಿದಿ ಬೇ! ಈ ಜಾತ್ಯಾಗ ಕೂಸಿನ ಅಪ್ಪ ತಾನ ಬಾಣಂತನ ಮಾಡ್ತಾನಂತ. ಹುಟ್ಟಿದ ಕೂಡ್ಲೆ ಅವ ಮರಿ ನೆಕ್ಕಿ ಸ್ವಚ್ಛ ಮಾಡಿ ಬೆನ್ನ ಮ್ಯಾಲ ಹೊತ್ಗೋತಾನು. ಹಸಿವಾದಾಗಷ್ಟ ಅವ್ವನ ಕಡೆ ಕೊಡ್ತಾನು, ಹಾಲ ಕುಡದ ಮ್ಯಾಲ ಮತ್ತ ತಾನ ಇಸ್ಕೊತಾನು. ಅವ್ವ ಹೊರೂದಿಲ್ಲ. ಅವಳಿ ಮರಿ ಭಾಳ ಭಾರ, ಆಕಿ ಹಾಲಿಗೆ ಉಣಬೇಕಲ್ಲ. ಅವ ಇಲ್ಲಂದ್ರ ಮರಿ ಉಳಿಯೂದು ಕಠಿಣ ಅಂತ ಐತಿ."

ಗೌರವ್ವ ಒಮ್ಮೆ ಬಚ್ಚಲಮನೆಯ ಚಿಲಕ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಅಂದ್ರ," ಎಂದಳು ಗೌರವ್ವ ನಿಧಾನವಾಗಿ, "ನೀ ಬಾಣಂತನ ಮಾಡಾಂವನ್ನ ಹೊರಗ ಹಾಕಿ, ನೀ ಒಳಗ ಕುಂತಿ."

ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಹಿತ್ತಲಿಗೆ ಓಡಿದೆವು. ನುಗ್ಗೆಗಿಡದಲ್ಲಿ ಪೆದ್ರು ಇನ್ನೂ ಇದ್ದ. ಕಾಗೆಗಳು ಸುತ್ತುಗಟ್ಟಿ ಅರಚುತ್ತಿದ್ದವು. ಮೇಲೆ ಒಂದು ಹದ್ದು ತೇಲುತ್ತ ಒಂದು ಸುತ್ತು ಕೆಳಗಿಳಿಯಿತು. ಮಳೆಕಾಡಿನ ಎಲೆಗಳ ನಡುವೆ ಬಚ್ಚಿಟ್ಟುಕೊಂಡು ಬದುಕುವ ಜೀವ, ನುಗ್ಗೆಯ ನಾಲ್ಕು ಎಲೆಯಲ್ಲಿ ಎಲ್ಲಿ ಬಚ್ಚಿಟ್ಟುಕೊಂಡೀತು? ಮೈ ಮುದುಡಿ ಬರೀ ಸೀಟಿ ಹಾಕುತ್ತಿದ್ದ. ಕಾಗೆಯ ಗದ್ದಲಕ್ಕೆ ಆಚೆಯ ಬಂಗಲೆಯವರು, ಹಾಲಿನವರು, ತರಕಾರಿಯವರು ಬಂದು ಸೇರಿದರು. ಅವೇ ಇಬ್ಬರು ಸೈಕಲ್ ಜವಾನರೂ ಬಂದರು.

"ಗಿಡ ಅಲ್ಲಾಡಸೂಣು, ತಾನ ಬೀಳ್ತೈತಿ!"

"ಕಲ್ಲ ಒಗೀರಿ!"

"ಚಾದರ್ ಹಿಡ್ರಿ, ಚಾದರ್!"

ಎಲ್ಲರೂ ಒಟ್ಟಿಗೆ ಒದರುತ್ತಿದ್ದರು. ನನ್ನ ಎದೆಯೊಳಗಿನ ಮರಿ ಒಂದೇ ಒಂದು ಸಲ ಚಿಂವ್ ಎಂದಿತು. ಮೇಲಿನ ಸೀಟಿ ಥಟ್ಟನೆ ನಿಂತಿತು. ಪೆದ್ರು ಕುತ್ತಿಗೆ ಚಾಚಿ ಕೆಳಗೆ ನೋಡಿದ. ಅವನಿಗೆ ಕೇಳಿಸಿತ್ತು! ಆದರೆ ಮರುಕ್ಷಣ ತರಕಾರಿಯವರು ಮತ್ತೆ ಒದರಿದರು, ಅವನು ಮತ್ತೆ ತುದಿಗೆ ಸರಿದ.

"ಸುಮ್ನಿರ್ರೀ ಎಲ್ಲಾರೂ!"

ಯಾರು ಕೂಗಿದ್ದು ಎಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಕೂಗಿದವಳು ನಾನೇ! ಸೈಕಲ್ ಜವಾನರು ಕೂಡ ಅಟೆನ್ಶನ್ನಿನಲ್ಲಿ ನಿಂತರು.

ಗೌರವ್ವ ಬಾವಿಯ ಕಟ್ಟೆ ತೋರಿಸಿದಳು, ಗಿರಿಜಾ ನನ್ನ ಸೊಂಟ ಹಿಡಿದಳು. ಕಟ್ಟೆ ಏರಿದೆ. ಮರಿಗಳನ್ನು ಹೊರತೆಗೆದು ಅಂಗೈಯಲ್ಲಿಟ್ಟು ಕೈ ಮೇಲೆತ್ತಿದೆ. ಒಂದು ಕಡೆ ಬಾವಿ, ಒಂದು ಕಡೆ ಜನ, ಮೇಲೆ ಹದ್ದು. ಗಟ್ಟಿಯಾದ ಮರಿ ಚಿಂವ್ಗುಟ್ಟಿತು. ಸುಮ್ಮನಿದ್ದದ್ದು ಅಲುಗಲಿಲ್ಲ. "ಬಾರಪ್ಪಾ," ಎಂದೆ. "ತಪ್ಪಾತು. ಬಂದು ನಿನ್ನ ಕೂಸು ನೀ ತಗೋ. ಇನ್ನ ನಾ ನಡುವ ಬರೂದಿಲ್ಲ."

ಪೆದ್ರು ಒಂದು ಟೊಂಗೆ ಇಳಿದ. ನಿಂತ. ಇನ್ನೊಂದು ಇಳಿದ. ಹದ್ದಿನ ನೆರಳು ಅಂಗಳದ ಮೇಲೆ ಹಾದುಹೋಯಿತು. ಅಷ್ಟೇ, ಅವನು ಹಾರಿದ. ನಾನು ಕಣ್ಣು ಮುಚ್ಚಿದೆ. ಧಪ್ ಎಂದು ಬಂದು ಕೂತದ್ದು ನನ್ನ ತಲೆಯ ಮೇಲೆ! ಇಪ್ಪತ್ತು ಉಗುರು ತಲೆಗೂದಲೊಳಗೆ ಇಳಿದವು. ತಣ್ಣನೆಯ ಸಣ್ಣ ಕೈಯೊಂದು ನನ್ನ ಬೆರಳುಗಳ ಮೇಲೆ ಓಡಾಡಿತು. ಒಂದು ಮರಿಯ ತೂಕ ಕಡಿಮೆಯಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದರದೂ ಕಡಿಮೆಯಾಯಿತು. ತಲೆಯ ಮೇಲೆ ನೆಕ್ಕುವ ಸಪ್ಪಳ. ಆಮೇಲೆ, ಮಕ್ಕಳೇ, ಎರಡು ದನಿ ಕೇಳಿಸಿತು. ಎರಡು!

ಈಗ ಇವನು ಇಳಿಯಬೇಕಲ್ಲ? ಇಳಿಯಲಿಲ್ಲ. ಮರಿ ಕದ್ದವಳ ಮೇಲೆ ಅವನಿಗೆ ನಂಬಿಕೆ ಇರಲಿಲ್ಲವೋ, ಇದ್ದುದರಲ್ಲಿ ಇದೇ ಗಟ್ಟಿ ಗಿಡ ಎನ್ನಿಸಿತೋ. ಸೆರಗು ಯಾವಾಗಲೋ ಜಾರಿ ಬಾವಿಕಟ್ಟೆಯ ಮೇಲೆ ಬಿದ್ದಿತ್ತು. ಅಂಗಡಿಯವನ ಮುಂದೂ ಬಾಯಿ ಬಿಡದವಳು, ಬರಿದಲೆಯ ಮೇಲೆ ಒಂದು ಸಂಸಾರ ಹೊತ್ತುಕೊಂಡು, ಕ್ಯಾಂಪಿನ ಅರ್ಧ ಜನರ ನಡುವೆ, ಕುತ್ತಿಗೆ ಅಲುಗಿಸದೆ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಪಡಸಾಲೆಗೆ ನಡೆದೆ. ಹಾಲಿನವರು ಟೋಪಿ ತೆಗೆದರು. ಯಾಕೆ ತೆಗೆದರೋ!

ಜಾಳಿಗೆಯೊಳಗೆ ಕಾಲಿಟ್ಟ ಕೂಡಲೇ ಪೆದ್ರು ರೋಜಿಯ ಬಳಿಗೆ ಹಾರಿದ. ಮೊದಲು ಸುಮ್ಮನಿದ್ದ ಮರಿಯನ್ನೇ ಅವಳ ಕಡೆ ಸರಿಸಿದ. ಅದು ಹಾಲು ಕುಡಿಯಿತು. ಮುಗಿದ ಮೇಲೆ ಅವನೇ ಇಸಿದುಕೊಂಡು ಬೆನ್ನಿಗೆ ಹಾಕಿಕೊಂಡ. ನಾನು ಮೂಲೆಯಲ್ಲಿ ನಿಂತು ನೋಡುತ್ತಲೇ ಇದ್ದೆ. ಒಮ್ಮೆಯೂ ಕೈ ತಪ್ಪಲಿಲ್ಲ, ಒಮ್ಮೆಯೂ ಮರಿ ಅಳಲಿಲ್ಲ. ನಾನು ಇಷ್ಟು ವರ್ಷ ಮಾಡಿದ್ದಕ್ಕಿಂತ ಚೊಕ್ಕಟ ಕೆಲಸ. ಗೌರವ್ವ ಮನಸ್ಸು ತಡೆಯದೆ ರೋಜಿಗೆ ಒಂದು ಉಂಡಿ ಕೊಟ್ಟಳು. ರೋಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಟಿನ ಚೂರುಗಳನ್ನು ಮಾತ್ರ ಆರಿಸಿ ತಿಂದು, ಕೊಬ್ಬರಿ, ಉತ್ತತ್ತಿ, ಬೆಲ್ಲ ಎಲ್ಲವನ್ನೂ ಗೌರವ್ವನ ಕಾಲ ಮೇಲೆ ಉದುರಿಸಿದಳು.

"ತುಪ್ಪದಾಗ ಹುರದೇನಿ," ಎಂದಳು ಗೌರವ್ವ, ಯಾರಿಗೂ ಅಲ್ಲ.

ಸಾಹೇಬರು ಹತ್ತು ದಿನಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಪೆದ್ರುವಿನ ಬೆನ್ನ ಮೇಲೆ ಎರಡು ಮರಿಗಳು ಕೂದಲು ಜಗ್ಗಿ ಆಡುತ್ತಿದ್ದವು. ನಾನು ಎಲ್ಲವನ್ನೂ ನೆಲ ನೋಡುತ್ತಲೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ನನ್ನ ನೋಟಬುಕ್ಕು ತರಿಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಖಾಲಿ ಉಳಿದ ಆರನೆಯ ನಂಬರಿನ ಮುಂದೆ ತಮ್ಮ ಓರೆಕೋರೆ ಕನ್ನಡದಲ್ಲಿ ತಾವೇ ಬರೆದರು: "ಪೆದ್ರುಗೆ ಎಲ್ಲ ಗೊತ್ತು. ಬಾಯಿಗೆ ಗೊತ್ತಿಲ್ಲ."

ಆ ಪುಟ ಇನ್ನೂ ನನ್ನ ಟ್ರಂಕಿನಲ್ಲಿದೆ. ನೀವು ಹುಟ್ಟಿದಾಗ ನಿಮ್ಮಪ್ಪ ಬಾಣಂತಿ ಕೋಣೆಯ ಬಾಗಿಲಲ್ಲಿ ಹೆದರಿ ನಿಂತಿದ್ದಾಗ ನಾನು ಅವರನ್ನು ಒಳಗೆ ಕರೆದು ನಿಮ್ಮನ್ನು ಕೈಗೆ ಕೊಟ್ಟೆನಲ್ಲ, ಬೀಗರೆಲ್ಲ ಮೂಗಿನ ಮೇಲೆ ಬೆರಳಿಟ್ಟರಲ್ಲ, ಅದಕ್ಕೆ ಕಾರಣ ಈ ಪುಟ.

ಆದರೆ ಕೀರ್ತಿ ಎಂಬುದು ಒಮ್ಮೆ ಬಂದರೆ ಸುಮ್ಮನೆ ಹೋಗುವುದಿಲ್ಲ. ತಲೆಯ ಮೇಲೆ ಮಂಗ್ಯಾ ಹೊತ್ತ ಸುದ್ದಿ ಕ್ಯಾಂಪಿನ ತುಂಬ ಹಬ್ಬಿತು. ಮುಂದಿನ ತಿಂಗಳೇ ಒಂದು ಭಾರೀ ಬಂಗಲೆಯಿಂದ ಕರೆ ಬಂತು, ಕೂಡಲೇ ಬರಬೇಕಂತೆ, ಬಾಣಂತನವಂತೆ, ನೀಲವ್ವನೇ ಆಗಬೇಕಂತೆ. ಹೆಮ್ಮೆಯಿಂದ ಇಳಕಲ್ ಸೀರೆ ಉಟ್ಟು ಹೋದೆ. ಮೆತ್ತನೆಯ ಹಾಸಿಗೆಯ ಮೇಲೆ ಐದು ಮರಿ ಹಾಕಿದ ನಾಯಿ ಮಲಗಿತ್ತು.

ಒಮ್ಮೆ ಸುಟ್ಟುಕೊಂಡವಳು ನಾನು. ಈ ಸಲ ನಾಚಲಿಲ್ಲ. ಕೈ ಹಚ್ಚುವ ಮೊದಲೇ, ಇಡೀ ಮನೆಯವರ ಮುಂದೆ, ಗಟ್ಟಿಯಾಗಿ ಕೇಳಿದೆ:

"ಇವುಗಳ ಅಪ್ಪ ಎಲ್ಲಿ ಅದಾನ್ರಿ? ಮೊದಲ ಅವನ್ನ ಕರೀರಿ!"

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಗೇಟಿನಾಚೆ ಮಲಗಿದ್ದ ಬೀದಿನಾಯಿಗಳ ಕಡೆ ನೋಡಿದರು.